ಮೇ ತಿಂಗಳಲ್ಲಿ ಆಲಮಟ್ಟಿ ಹಿನ್ನೀರಲ್ಲಿ ಹಕ್ಕಿ ಕಾಣ್ತಾವಾ?

ನವನಗರದ ಅಮ್ಮ:
ಹೋದ ತಿಂಗಳು ಕಾರವಾರಕ್ಕೆ ಹೋಗಿದ್ವಿ. ನಸುಕಿನಲ್ಲಿ ಕಡಲ ದಂಡೆ ಮೇಲೆ ನಡೆಯುವಾಗ ಮೀನುದೋಣಿಗಳ ಮೇಲೆ ಗರುಡಗಳು ಸುತ್ತುತ್ತಿದ್ದವು, ಒಂದು ಕಡಲ ಹದ್ದೂ ಕಂಡಿತು. ಅವತ್ತಿನಿಂದ ಒಂಬತ್ತು ವರ್ಷದ ಮಗಳಿಗೆ ಹಕ್ಕಿದೇ ಧ್ಯಾನ. ನಮ್ಮ ಬಾಗಲಕೋಟೆ ಸುತ್ತಲೂ ಇಷ್ಟು ಹಿನ್ನೀರಿದೆ ಅಲ್ವಾ, ಈ ಬಿಸಿಲಲ್ಲಿ ಅಲ್ಲಿ ಏನಾದರೂ ಸಿಗುತ್ತಾ? ಹಕ್ಕಿ ನೋಡೋದೇನಿದ್ರೂ ಚಳಿಗಾಲದಲ್ಲಿ ಅಂತ ಪಕ್ಕದ ಮನೆಯವರು ಹೇಳ್ತಾರೆ.

ಬೀಳಗಿ ಮೇಷ್ಟ್ರು:
ಅಕ್ಕಾರ, ಧೈರ್ಯವಾಗಿ ಕರ್ಕೊಂಡು ಹೋಗಿ. ಪಟ್ಟೆತಲೆ ಬಾತುಗಳು ಈಗಾಗಲೇ ಹಿಮಾಲಯದ ಕಡೆ ಹೊರಟು ಹೋಗಿವೆ, ಆ ಮಾತು ನಿಜ. ಆದರೆ ಮಳೆಗಾಲದಲ್ಲಿ ಅಣೆಕಟ್ಟು ಸಮುದ್ರಮಟ್ಟದಿಂದ 519.60 ಮೀಟರ್‌ವರೆಗೆ ತುಂಬಿದಾಗ ಎಲ್ಲಿ ನೋಡಿದರೂ ಆಳ ನೀರು, ಉದ್ದಕಾಲಿನ ಹಕ್ಕಿಗೆ ನಿಲ್ಲೋಕೆ ಜಾಗವೇ ಇರಲ್ಲ. ಬೇಸಿಗೆಯಲ್ಲಿ ನೀರು ಸರಿದು ಕೆಸರು ಮೇಲೆ ಬರುತ್ತೆ, ಅದರಲ್ಲಿ ಹುಳ, ಪಾಚಿ, ಸಣ್ಣ ಮೀನು. ರಾಜಹಂಸ, ಅದೇ ಫ್ಲೆಮಿಂಗೊ, ಬರೋದು ಇದಕ್ಕೇ. ಅದು ತಿನ್ನೋದನ್ನು ಮಗಳಿಗೆ ತೋರಿಸಿ. ಕಾಲಲ್ಲಿ ಕೆಸರು ತುಳಿದು ಕದಡುತ್ತೆ, ತಲೆ ಬುಡಮೇಲು ಮಾಡಿ ಕೊಕ್ಕನ್ನು ನೀರಿಗಿಟ್ಟು ಸೋಸುತ್ತೆ. ಅದರ ಗುಲಾಬಿ ಬಣ್ಣ ಬರೋದೂ ಆ ತಿನಿಸಿನಿಂದಲೇ, ಮರಿಗಳು ಬೂದು ಬಣ್ಣದವು. ಹೆರಕಲ್ ಕಡೆ ನೋಡಿ, ಇಲ್ಲಾ ಘಟಪ್ರಭೆ ಕೃಷ್ಣೆಗೆ ಸೇರೋ ಚಿಕ್ಕಸಂಗಮದ ಕಡೆ. ಆರು ಗಂಟೆಗೆ ಅಲ್ಲಿರಿ, ಎಂಟೂವರೆಗೆ ವಾಪಸ್ ಹೊರಡಿ. ಆಮೇಲೆ ಝಳಕ್ಕೆ ದೂರದ್ದೆಲ್ಲ ನಡುಗಿದಂತೆ ಕಾಣುತ್ತೆ, ದುರ್ಬೀನಿದ್ದರೂ ಪ್ರಯೋಜನ ಇಲ್ಲ.

ಹೊಳೆದಂಡೆ:
ಮೇಷ್ಟ್ರು ಹೇಳಿದ್ದು ಸರಿ, ಆದರೆ ಒಂದು ಮಾತು ಸೇರಿಸ್ತೀನಿ. ನೀರು ಸರಿದ ಒಣ ನೆಲದ ಮೇಲೆ, ನಡುಗಡ್ಡೆಗಳ ಮೇಲೆ ದಯವಿಟ್ಟು ಸುಮ್ನೆ ಅಡ್ಡಾಡಬೇಡಿ. ರಿವರ್ ಟರ್ನ್, ಟಿಟ್ಟಿಭ ಇವೆಲ್ಲ ಮೊಟ್ಟೆ ಇಡೋದು ಅಲ್ಲೇ, ಗೂಡು ಅಂತ ಏನೂ ಇರಲ್ಲ. ನೆಲದಲ್ಲಿ ಅಂಗೈಯಷ್ಟು ತಗ್ಗು, ಮಣ್ಣಿನ ಬಣ್ಣದ ಮೇಲೆ ಕಪ್ಪು ಚುಕ್ಕೆ ಇರೋ ಎರಡು ಮೂರು ಮೊಟ್ಟೆ, ಅಷ್ಟೇ. ಮೂರು ವರ್ಷದ ಹಿಂದೆ ಫೋಟೋದ ಆಸೆಗೆ ಹೋಗಿ ನಾನೇ ಒಂದನ್ನು ತುಳಿದೆ. ಚಪ್ಪಲಿ ಎತ್ತಿ ನೋಡಿದಾಗ ಆದ ಸಂಕಟ ಇನ್ನೂ ಹೋಗಿಲ್ಲ. ತುಳಿಯದಿದ್ದರೂ ಹತ್ತಿರ ನಿಂತರೆ ಸಾಕು, ತಾಯಿ ಎದ್ದು ಹೋಗುತ್ತೆ, ಈ ಬಿಸಿಲಿಗೆ ಸ್ವಲ್ಪ ಹೊತ್ತಲ್ಲೇ ಮೊಟ್ಟೆ ಕೆಡುತ್ತೆ. ಟಿಟ್ಟಿಭ ನೀರಿಗೆ ಹೋಗಿ ಎದೆ ಹೊಟ್ಟೆಯ ಪುಕ್ಕ ತೋಯಿಸಿಕೊಂಡು ಬಂದು ಮೊಟ್ಟೆ ಮೇಲೆ ಕೂರೋದನ್ನು ನಾನು ನೋಡಿದ್ದೀನಿ, ತಂಪು ಮಾಡೋಕೆ. ಹಕ್ಕಿ ತಲೆ ಮೇಲೆ ಕಿರುಚುತ್ತಾ ಸುತ್ತಿದರೆ ಬಂದ ದಾರಿಯಲ್ಲೇ ಹಿಂದೆ ಸರಿಯಿರಿ.

ಮುಧೋಳದವಳು:
ನಾಯಿ ಕರ್ಕೊಂಡು ಹೋಗಬೇಡಿ. ಟೋಪಿ, ಜಾಸ್ತಿ ನೀರು ಇರಲಿ, ಅಲ್ಲಿ ನೆರಳಿಗೆ ಒಂದು ಗಿಡವೂ ಸಿಗಲ್ಲ. ರಾಜಹಂಸಗಳ ಹಿಂಡು ಯಾವ ದಿನ ಎಲ್ಲಿರುತ್ತೆ ಅಂತ ಮೀನುಗಾರರಿಗೇ ಗೊತ್ತಿರುತ್ತೆ, ಅವರನ್ನ ಕೇಳಿ.

ನವನಗರದ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್ ರೀ. ಮೊಟ್ಟೆ ವಿಷಯ ನಿಜಕ್ಕೂ ಗೊತ್ತಿರಲಿಲ್ಲ, ಮಕ್ಕಳನ್ನ ಆ ಬಯಲಲ್ಲಿ ಓಡಾಡೋಕೆ ಬಿಡಬೇಕು ಅಂತಲೇ ಇದ್ದೆ. ಮಗಳಿಗೆ ಓದಿ ಹೇಳಿದೆ. ಹೊಟ್ಟೆ ತೋಯಿಸಿಕೊಂಡು ಬರೋ ಹಕ್ಕಿಯನ್ನೇ ಮೊದಲು ನೋಡಬೇಕಂತೆ, ರಾಜಹಂಸ ಆಮೇಲೆ ಅಂತಾಳೆ. ಭಾನುವಾರ ಐದಕ್ಕೆ ಹೊರಡ್ತೀವಿ, ರಸ್ತೆಯ ಏರಿ ಮೇಲಿಂದಲೇ ನೋಡ್ತೀವಿ.