ಸಹಾಯ ಬೇಕು: ಬೆಂಗಳೂರಿನ ರಾಕ್ ಸಂಜೆಗಳಿಗೆ ಮಗಳನ್ನು ಕರೆದೊಯ್ಯುವ ಬಗ್ಗೆ

ಗುಂಪಿನ ಎಲ್ಲರಿಗೂ ನಮಸ್ಕಾರ. ಡ್ರಮ್ಸ್ ಕಲಿಯುತ್ತಿರುವ, ಹದಿನಾರು ವರ್ಷದ ನನ್ನ ಮಗಳಿಗೆ ಬೆಂಗಳೂರಿನ ರಾಕ್ ಮತ್ತು ಪಂಕ್ (ವೇಗದ, ಒರಟು ಶೈಲಿಯ ರಾಕ್) ತಂಡಗಳನ್ನು ವೇದಿಕೆಯ ಮೇಲೆಯೇ ನೋಡಬೇಕೆಂಬ ಆಸೆಯಿದೆ. 1996ರಲ್ಲಿ ಆರಂಭವಾದ ಥರ್ಮಲ್ ಅಂಡ್ ಎ ಕ್ವಾರ್ಟರ್, 1998ರ ಕ್ರಿಪ್ಟೋಸ್, ಕನ್ನಡದಲ್ಲೂ ಹಾಡುವ ಸ್ವರಾತ್ಮ ಮೊದಲಾದ ತಂಡಗಳ ಧ್ವನಿಮುದ್ರಣಗಳನ್ನು ಅವಳು ದಿನವೂ ಕೇಳುತ್ತಾಳೆ. 2007ರಲ್ಲಿ ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ಹೆವಿ ಮೆಟಲ್ ತಂಡ ಐರನ್ ಮೇಡನ್ ನುಡಿಸಿದ್ದನ್ನು ಕೇಳಿದ ಊರಿನಲ್ಲಿ ಅವಳ ವಯಸ್ಸಿನವರಿಗೆ ಜಾಗ ಸಿಗುವುದು ಇಷ್ಟು ಕಷ್ಟವಾಗಬಾರದಿತ್ತು.

ಬಹುಪಾಲು ಕಾರ್ಯಕ್ರಮಗಳು ಪಬ್‌ಗಳಲ್ಲೇ ನಡೆಯುವುದರಿಂದ, ಪೋಷಕರು ಜೊತೆಗಿದ್ದರೂ ಅವಳ ವಯಸ್ಸಿನವರನ್ನು ಬಾಗಿಲಲ್ಲೇ ತಡೆಯುತ್ತಾರೆ. ರಾತ್ರಿ 10ರ ನಂತರ ಬಯಲಿನಲ್ಲಿ ಧ್ವನಿವರ್ಧಕ ಬಳಸಲು ನಿರ್ಬಂಧವಿರುವ ಕಾರಣ ಬಯಲು ಕಾರ್ಯಕ್ರಮಗಳು ಬೇಗ ಮುಗಿಯುತ್ತವೆ; ನಮಗೆ ಅನುಕೂಲವಾದವು ಅಂಥವೇ. ಆದ್ದರಿಂದ ಅಪ್ರಾಪ್ತ ವಯಸ್ಕರಿಗೂ ಪ್ರವೇಶವಿರುವ ಸಭಾಂಗಣ, ಕೆಫೆ ಅಥವಾ ಕಾಲೇಜು ಉತ್ಸವಗಳ ಮಾಹಿತಿಯನ್ನು, ಮುಖ್ಯವಾಗಿ ಪಂಕ್ ತಂಡಗಳು ನುಡಿಸುವ ಸಣ್ಣ ಜಾಗಗಳ ಮಾಹಿತಿಯನ್ನು, ತಿಳಿದವರು ದಯವಿಟ್ಟು ಹಂಚಿಕೊಳ್ಳಬೇಕು.

ಕಿವಿಯ ರಕ್ಷಣೆಯ ಬಗ್ಗೆಯೂ ಸಲಹೆ ಬೇಕಾಗಿದೆ. 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ತಾಳಬಹುದಾದರೆ 100 ಡೆಸಿಬೆಲ್‌ನಲ್ಲಿ ಸುರಕ್ಷಿತ ಅವಧಿ ಸುಮಾರು ಹದಿನೈದು ನಿಮಿಷಕ್ಕೆ ಇಳಿಯುತ್ತದೆ ಎಂಬ ಲೆಕ್ಕವಿದೆ. ಹತ್ತಿ ತುರುಕಿಕೊಂಡರೆ ಸಾಕೆಂದು ಅವಳ ಅಜ್ಜಿಯ ವಾದ, ನನಗೆ ನಂಬಿಕೆಯಿಲ್ಲ. ಸಂಗೀತದ ಸ್ಪಷ್ಟತೆ ಕೆಡಿಸದೆ ಸದ್ದನ್ನಷ್ಟೇ ತಗ್ಗಿಸುವ ಇಯರ್‌ಪ್ಲಗ್‌ಗಳನ್ನು ಬಳಸಿದವರು ಅವು ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತವೆ, ಬೆಲೆ ಎಷ್ಟು ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.