ವೇಗ ಹೆಚ್ಚಿದಾಗ ಎನ್‌ಕೋಡರ್ ಎಣಿಕೆ ತಪ್ಪುತ್ತಿದೆ: ಅನುಭವವಿದ್ದವರು ದಯವಿಟ್ಟು ತಿಳಿಸಿ

ಪ್ರಶ್ನೆ

ನಮ್ಮದು ಚಾವಣಿಯ ಶೀಟುಗಳನ್ನು ಅಳತೆಗೆ ಕತ್ತರಿಸುವ ಯಂತ್ರ. ಶೀಟಿನ ಮೇಲೆ ಉರುಳುವ, 300 ಮಿ.ಮೀ. ಸುತ್ತಳತೆಯ ಚಕ್ರಕ್ಕೆ ಎನ್‌ಕೋಡರ್ (ತಿರುಗಿದಂತೆಲ್ಲ ವಿದ್ಯುತ್ ಪಲ್ಸ್‌ಗಳನ್ನು ಕೊಡುವ ಸಾಧನ) ಜೋಡಿಸಿದೆ. ಅದರ ಎ ಮತ್ತು ಬಿ ಪಲ್ಸ್‌ಗಳನ್ನು ಯಂತ್ರವನ್ನು ನಿಯಂತ್ರಿಸುವ ಎಸ್‌7-1200 ಪಿಎಲ್‌ಸಿಯ ಹೈಸ್ಪೀಡ್ ಕೌಂಟರ್ ನಾಲ್ಕು ಪಟ್ಟು ಮಾಡಿ ಎಣಿಸುತ್ತದೆ. ಸುತ್ತಿಗೆ 500 ಪಲ್ಸ್‌ನ ಹಳೆಯ ಎನ್‌ಕೋಡರ್ ಕೆಟ್ಟಿದ್ದರಿಂದ ಕಳೆದ ತಿಂಗಳು 1024 ಪಲ್ಸ್‌ನದನ್ನು ಹಾಕಿ, ಪ್ರೋಗ್ರಾಮಿನಲ್ಲೂ ಸಂಖ್ಯೆ ತಿದ್ದಿದೆವು. ನಿಮಿಷಕ್ಕೆ 30 ಮೀಟರ್ ವೇಗದಲ್ಲಿ ಅಳತೆ ಸರಿಯಾಗಿದೆ. 45 ಮೀಟರ್‌ಗೆ ಏರಿಸಿದರೆ 3 ಮೀಟರ್ ಶೀಟು ಒಮ್ಮೆ 10 ಮಿ.ಮೀ., ಇನ್ನೊಮ್ಮೆ 40 ಮಿ.ಮೀ. ಹೆಚ್ಚು ಉದ್ದ ಬರುತ್ತದೆ. ಮತ್ತೊಂದು ಹೊಸ ಎನ್‌ಕೋಡರ್ ಹಾಕಿದರೂ ಹಾಗೆಯೇ ಇದೆ. ಎಲ್ಲಿಂದ ಹುಡುಕಬೇಕು?

ಮೊದಲ ಉತ್ತರ

ಎರಡನೆಯ ಎನ್‌ಕೋಡರಿನಲ್ಲೂ ಅದೇ ದೋಷ ಕಂಡಿರುವುದರಿಂದ ದಯವಿಟ್ಟು ಮೂರನೆಯದಕ್ಕೆ ಹಣ ಹಾಕಬೇಡಿ. ಶೀಟು ಉದ್ದವಾಗುತ್ತಿದೆ ಎಂದರೆ ಪಿಎಲ್‌ಸಿಗೆ ನಿಜಕ್ಕಿಂತ ಕಡಿಮೆ ಎಣಿಕೆ ಸಿಗುತ್ತಿದೆ. ಒಂದೋ ಎಲ್ಲಿಯಾದರೂ ಜಾರುತ್ತಿದೆ, ಇಲ್ಲವೇ ಪಲ್ಸ್‌ಗಳು ಕಳೆದುಹೋಗುತ್ತಿವೆ. ಇವುಗಳಲ್ಲಿ ಯಾವುದು ಎಂದು ಗೊತ್ತಾಗುವವರೆಗೆ ಬೇರೇನನ್ನೂ ಬದಲಿಸಬೇಡಿ; ನಾನು ಹಾಗೆ ಬದಲಿಸುತ್ತಾ ಹೋಗಿ ಒಮ್ಮೆ ಎರಡು ದಿನ ಕಳೆದುಕೊಂಡಿದ್ದೇನೆ.

ಪರೀಕ್ಷೆಗೆ ಒಂದು ಮಾರ್ಕರ್ ಪೆನ್ನು ಸಾಕು. ಚಕ್ರದ ಅಂಚಿನಲ್ಲೂ ಅದರ ಎದುರಿನ ಬ್ರಾಕೆಟ್ಟಿನಲ್ಲೂ ಒಂದೊಂದು ಗೆರೆ ಎಳೆಯಿರಿ. ಚಕ್ರವನ್ನು ಎನ್‌ಕೋಡರಿಗೆ ಜೋಡಿಸುವ ಕಪ್ಲಿಂಗ್ ಮತ್ತು ಎನ್‌ಕೋಡರ್ ಶಾಫ್ಟ್ ಎರಡನ್ನೂ ದಾಟುವಂತೆ ಇನ್ನೊಂದು ಗೆರೆ ಎಳೆಯಿರಿ. ಚಕ್ರದ ಮತ್ತು ಬ್ರಾಕೆಟ್ಟಿನ ಗೆರೆಗಳು ಎದುರುಬದುರಾದಾಗ ಕೌಂಟರನ್ನು ಸೊನ್ನೆ ಮಾಡಿ, 45 ಮೀಟರ್ ವೇಗದಲ್ಲಿ ಒಂದು ಶೀಟು ಓಡಿಸಿ ನಿಲ್ಲಿಸಿ. ಅನಂತರ ಚಕ್ರವನ್ನು ಕೈಯಿಂದ ಮೆಲ್ಲನೆ ಮುಂದಕ್ಕೆ ತಿರುಗಿಸಿ ಗೆರೆಗಳನ್ನು ಮತ್ತೆ ಕೂಡಿಸಿ. ಒಂದು ಸುತ್ತಿಗೆ 4096 ಎಣಿಕೆ (1024ರ ನಾಲ್ಕು ಪಟ್ಟು) ಬರಬೇಕಾದ್ದರಿಂದ, ಆಗ ಐಡಿ1000ದಲ್ಲಿ (ಪಿಎಲ್‌ಸಿಯಲ್ಲಿ ಎಣಿಕೆ ಇರುವ ವಿಳಾಸ) ಕಾಣುವ ಸಂಖ್ಯೆಯನ್ನು 4096ರಿಂದ ಭಾಗಿಸಿದರೆ ಶೇಷ ಸೊನ್ನೆಯ ಆಸುಪಾಸಿನಲ್ಲಿರಬೇಕು. ಹಾಗಿದ್ದೂ ಶೀಟಿನ ಅಳತೆ ತಪ್ಪಿದ್ದರೆ ಚಕ್ರ ಶೀಟಿನ ಮೇಲೆ ಜಾರುತ್ತಿದೆ, ಆದ್ದರಿಂದ ಎಣ್ಣೆ ಮತ್ತು ಸ್ಪ್ರಿಂಗಿನ ಒತ್ತಡವನ್ನು ನೋಡಿ. ಶಾಫ್ಟ್ ಮೇಲಿನ ಗೆರೆ ಮುರಿದಿದ್ದರೆ ಗ್ರಬ್ ಸ್ಕ್ರೂ ಸಡಿಲವಾಗಿದೆ. ಗೆರೆಗಳೆಲ್ಲ ಸರಿಯಿದ್ದು ಶೇಷ ಮಾತ್ರ ಉಳಿದರೆ ತೊಂದರೆ ಕೇಬಲ್ಲಿನಲ್ಲಿದೆ ಅಥವಾ ಪಿಎಲ್‌ಸಿಯಲ್ಲಿದೆ.

ನನ್ನ ಅನುಮಾನ ಕೊನೆಯದರ ಮೇಲೆ, ಅದರಲ್ಲೂ ಇನ್‌ಪುಟ್ ಫಿಲ್ಟರ್ (ನಿಗದಿತ ಕಾಲಕ್ಕಿಂತ ಗಿಡ್ಡ ಸಿಗ್ನಲ್‌ಗಳನ್ನು ತಡೆಯುವ ಸೆಟ್ಟಿಂಗ್) ಮೇಲೆ. ನಿಮಿಷಕ್ಕೆ 45 ಮೀಟರ್ ಎಂದರೆ ಸೆಕೆಂಡಿಗೆ 2.5 ಸುತ್ತು, 1024 ಪಲ್ಸ್‌ನ ಎನ್‌ಕೋಡರಿನಿಂದ ಅದು 2560 ಹರ್ಟ್ಸ್ ಆಗುತ್ತದೆ. ಹಳೆಯದರಲ್ಲಿ ಇದೇ ವೇಗಕ್ಕೆ 1250 ಹರ್ಟ್ಸ್ ಮಾತ್ರ ಇತ್ತು. ಎಸ್‌7-1200ರ ಇನ್‌ಪುಟ್ ಫಿಲ್ಟರ್ 0.2 ಮಿಲಿಸೆಕೆಂಡ್ ಇದ್ದರೆ ಅದು 2500 ಹರ್ಟ್ಸ್‌ವರೆಗೆ ಮಾತ್ರ ಬಿಡುತ್ತದೆ. ತಾನಾಗಿ ಇರುವ 6.4 ಮಿಲಿಸೆಕೆಂಡಿನಲ್ಲಾದರೆ ಮಿತಿ 78 ಹರ್ಟ್ಸ್, ಆಗ ನಿಮಗೆ 30 ಮೀಟರ್ ವೇಗದಲ್ಲೂ ಸರಿ ಬರುತ್ತಿರಲಿಲ್ಲ. ಹಿಂದೆ ಯಾರೋ ಹಳೆಯ ಎನ್‌ಕೋಡರಿಗೆ ಸಾಕಾಗುವಷ್ಟು ಮಾತ್ರ ಇಳಿಸಿಟ್ಟಿರಬಹುದು.

ಎರಡನೆಯ ಉತ್ತರ

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಫಿಲ್ಟರನ್ನು ಕಡಿಮೆ ಮಾಡುವಾಗ 0.1 ಮೈಕ್ರೋಸೆಕೆಂಡಿಗೆ ಇಳಿಸಿಬಿಡಬೇಡಿ. ಪಲ್ಸ್‌ಗಳನ್ನು ತಡೆಯುವ ಅದೇ ಫಿಲ್ಟರ್, ಮೋಟರಿನ ವೇಗ ನಿಯಂತ್ರಿಸುವ ಡ್ರೈವ್‌ನಿಂದ ಬರುವ ನಾಯ್ಸ್ (ವಿದ್ಯುತ್ ಅಡಚಣೆ) ಅನ್ನೂ ತಡೆಯುತ್ತದೆ. ನಾನು ನೋಡಿಕೊಳ್ಳುವ ಒಂದು ಲೈನಿನಲ್ಲಿ ಶಾಫ್ಟ್ ಅಲುಗದೆ ನಿಂತಿದ್ದರೂ, ಡ್ರೈವ್ ಆನ್ ಆದ ಕೂಡಲೇ ಎಣಿಕೆ ಒಂದೊಂದಾಗಿ ಸರಿಯುತ್ತಿತ್ತು. ಎನ್‌ಕೋಡರ್ ಕೇಬಲ್ ಮೋಟರ್ ಕೇಬಲ್ಲಿನ ಜೊತೆ ಒಂದೇ ಟ್ರೇಯಲ್ಲಿತ್ತು. ಪ್ಯಾನೆಲ್ಲಿನಲ್ಲಿ ಕೇಬಲ್ಲಿನ ಶೀಲ್ಡನ್ನು (ಒಳತಂತಿಗಳ ಸುತ್ತಲಿನ ಲೋಹದ ಹೊದಿಕೆ) ಹುರಿ ಮಾಡಿ, ಒಂದು ಗೇಣು ಉದ್ದದ ತಂತಿಯಿಂದ ಅರ್ಥ್ ಬಾರಿಗೆ ಕಟ್ಟಿದ್ದರು. ಕೇಬಲ್ಲನ್ನು ಬೇರೆ ಟ್ರೇಗೆ ಹಾಕಿ, ಹೊರಕವಚವನ್ನು ಸುಲಿದು, ಶೀಲ್ಡ್ ಸುತ್ತಲೂ ಲೋಹದ ಕ್ಲ್ಯಾಂಪ್ ಬಿಗಿದ ಮೇಲೆ ಎಣಿಕೆ ತಾನಾಗಿ ಸರಿಯುವುದು ನಿಂತಿತು. ನಿಮ್ಮ ವೇಗಕ್ಕೆ ಅರ್ಧ ಪಲ್ಸ್ ಸುಮಾರು 195 ಮೈಕ್ರೋಸೆಕೆಂಡ್ ಇರುತ್ತದೆ; 20 ಮೈಕ್ರೋಸೆಕೆಂಡ್ ಫಿಲ್ಟರ್ ಇಟ್ಟರೆ 25 ಕಿಲೋಹರ್ಟ್ಸ್‌ವರೆಗೆ ಧಾರಾಳವಾಗಿ ಎಣಿಸುತ್ತದೆ.

ಮೂರನೆಯ ಉತ್ತರ

ಚಕ್ರ ಸವೆದಿದೆಯೇ ಎಂದು ಕೆಲವರು ಕೇಳಬಹುದು. ಸವೆದ ಚಕ್ರ ಹೆಚ್ಚು ಸುತ್ತು ತಿರುಗುವುದರಿಂದ ಶೀಟು ಗಿಡ್ಡವಾಗುತ್ತದೆಯೇ ಹೊರತು ಉದ್ದವಾಗುವುದಿಲ್ಲ. ವ್ಯಾಸ ಅರ್ಧ ಮಿ.ಮೀ. ಸವೆದರೂ ನಿಮ್ಮ 3 ಮೀಟರಿಗೆ ಸುಮಾರು 16 ಮಿ.ಮೀ. ಕಡಿಮೆ ಬರುತ್ತದೆ, ಅದೂ ಎಲ್ಲ ವೇಗದಲ್ಲೂ ಒಂದೇ ಸಮನಾಗಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಗೆರೆ ಎಳೆದು ಪರೀಕ್ಷಿಸಿದೆ. ಕಪ್ಲಿಂಗಿನ ಗೆರೆ ಮುರಿದಿರಲಿಲ್ಲ. ಶೇಷ 3612 ಬಂದಿತು, ಅಂದರೆ 484 ಎಣಿಕೆ, ಸುಮಾರು 35 ಮಿ.ಮೀ.ಯಷ್ಟು ಕಳೆದುಹೋಗಿತ್ತು. ಎರಡೂ ಇನ್‌ಪುಟ್‌ಗಳ ಫಿಲ್ಟರ್ 0.2 ಮಿಲಿಸೆಕೆಂಡ್ ಇತ್ತು. ಈ ಬದಲಾವಣೆಯನ್ನು ಡೌನ್‌ಲೋಡ್ ಮಾಡಲು ಸಿಪಿಯು ನಿಲ್ಲಿಸಬೇಕಾಗುವುದರಿಂದ ಊಟದ ಹೊತ್ತಿಗೆ ಕಾದು, ಎರಡನ್ನೂ 20 ಮೈಕ್ರೋಸೆಕೆಂಡಿಗೆ ಇಳಿಸಿದೆ. ಈಗ 45 ಮೀಟರ್ ವೇಗದಲ್ಲಿ ಶೇಷ 3ಕ್ಕಿಂತ ಹೆಚ್ಚು ಬಂದಿಲ್ಲ, ಡ್ರೈವ್ ಆನ್ ಇದ್ದಾಗ ಎಣಿಕೆ ತಾನಾಗಿ ಸರಿಯುವುದೂ ಇಲ್ಲ. ನಮ್ಮ ಕೇಬಲ್ ಕೂಡ ಮೋಟರ್ ಕೇಬಲ್ಲಿನ ಟ್ರೇಯಲ್ಲೇ ಇದೆ. ಬರುವ ಭಾನುವಾರ ಅದನ್ನು ಬೇರ್ಪಡಿಸುತ್ತೇನೆ.