ಚಾಪೆ ಹಾಸಿಕೊಟ್ಟವರು

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಮೆರಿಕದ ಹೆವಿ ಮೆಟಲ್ ಸಂಗೀತ ತಂಡ ಮೆಟಾಲಿಕಾವನ್ನು ಕಣ್ಣಾರೆ ಕಂಡು ಬಂದ ನಾವು ಮೂವರು ಕಾಫಿಗೆ ಕುಳಿತಾಗಲೆಲ್ಲ ಚರ್ಚಿಸುವುದು ಆ ತಂಡವನ್ನಲ್ಲ, ಅದಕ್ಕೆ ಗುರುಸಮಾನವಾದ ಡೈಮಂಡ್ ಹೆಡ್ ತಂಡವನ್ನು.

"ಇಂಗ್ಲೆಂಡಿನ ಸ್ಟೌರ್‌ಬ್ರಿಜ್‌ನಲ್ಲಿ 1976ರಲ್ಲಿ ತಂಡ ಕಟ್ಟಿದ ಆ ಹುಡುಗರಿಗೆ ಏನು ಕಡಿಮೆಯಾಗಿತ್ತು, ಹೇಳಿ," ಎಂದು ಮೇಷ್ಟ್ರು ಮೊನ್ನೆಯೂ ಆರಂಭಿಸಿದರು. "ಬ್ರಯಾನ್ ಟ್ಯಾಟ್ಲರ್ ಒಂದೇ ಹಾಡಿಗೆ ಸುರಿಯುತ್ತಿದ್ದ, ಮತ್ತೆಮತ್ತೆ ಮರಳುವ ಗಿಟಾರ್ ತುಣುಕುಗಳಾದ ರಿಫ್‌ಗಳಲ್ಲಿ ಬೇರೆಯವರು ಇಡೀ ಆಲ್ಬಮ್ ಮುಗಿಸಿ ಮನೆಗೆ ಹೋಗುತ್ತಿದ್ದರು."

"ಕಡಿಮೆಯಾಗಿದ್ದದ್ದು ಹೆಸರು," ಎಂದರು ರಾಯರು. "1980ರಲ್ಲಿ ತಾವೇ ಹೊರತಂದ ಮೊದಲ ಆಲ್ಬಮ್ಮಿನ ಬಿಳಿಯ ಹೊದಿಕೆಯ ಮೇಲೆ ಶೀರ್ಷಿಕೆಯೂ ಇರಲಿಲ್ಲ, ಹಾಡುಗಳ ಪಟ್ಟಿಯೂ ಇರಲಿಲ್ಲ. ವಧೂವರರ ಹೆಸರನ್ನೂ ಛತ್ರದ ವಿಳಾಸವನ್ನೂ ಬಿಟ್ಟು ಲಗ್ನಪತ್ರಿಕೆ ಹಂಚಿದವರು, ಊಟಕ್ಕೆ ಯಾರೂ ಬರಲಿಲ್ಲವೆಂದು ಕೊರಗಬಾರದು."

ತಂಡದ ವ್ಯವಹಾರವನ್ನು ಗಾಯಕ ಶಾನ್ ಹ್ಯಾರಿಸ್‌ನ ತಾಯಿಯೂ ನೋಡಿಕೊಳ್ಳುತ್ತಿದ್ದರೆಂಬುದನ್ನು ನಾನು ನೆನಪಿಸಿದೆ. ಗೆಳೆಯನ ತಾಯಿಯೇ ಮ್ಯಾನೇಜರ್ ಆದಲ್ಲಿ ಉಳಿದವರು ಲೆಕ್ಕ ಕೇಳುವುದಾದರೂ ಹೇಗೆ? ಬಾಯಿ ತೆರೆಯುವಷ್ಟರಲ್ಲಿ "ಊಟವಾಯಿತೇನಪ್ಪಾ?" ಎಂಬ ಪ್ರಶ್ನೆ ಎದುರಾದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಎಂಸಿಎ ಎಂಬ ಧ್ವನಿಮುದ್ರಣ ಕಂಪನಿ ಕೈಹಿಡಿದ ಮೇಲೆ, 1982ರ 'ಬಾರೋಡ್ ಟೈಮ್' ಬ್ರಿಟನ್ನಿನ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ 24ನೆಯ ಸ್ಥಾನಕ್ಕೇರಿತು. ಆದರೆ ಮರುವರ್ಷದ 'ಕ್ಯಾಂಟರ್ಬರಿ'ಯಲ್ಲಿ ಅಭಿಮಾನಿಗಳು ಬಯಸಿದ್ದ ಬಿರುಸು ತಗ್ಗಿ ನಯನಾಜೂಕು ಹೆಚ್ಚಿತು; ಅದೂ ಸಾಲದೆಂಬಂತೆ ಮೊದಲು ಅಚ್ಚಾದ 20,000 ಪ್ರತಿಗಳಲ್ಲಿ ದೋಷವಿದ್ದು, ಹಾಡಿನ ನಡುವೆ ಗ್ರಾಮಫೋನಿನ ಸೂಜಿ ಜಿಗಿಯುತ್ತಿತ್ತು. ಹೊಸ ಶೈಲಿಯನ್ನು ಸೂಜಿಯೇ ಒಪ್ಪಲಿಲ್ಲವೆಂಬುದು ರಾಯರ ತೀರ್ಪು. 1985ರ ಹೊತ್ತಿಗೆ ತಂಡ ಚದುರಿತು.

"ಇದೆಲ್ಲ ಹಾಗಿರಲಿ," ಎಂದು ಮೇಷ್ಟ್ರು ಲೋಟವನ್ನು ಕೆಳಗಿಟ್ಟರು. "1981ರಲ್ಲಿ ಇವರ ಕಾರ್ಯಕ್ರಮ ನೋಡಲೆಂದೇ ಅಮೆರಿಕದಿಂದ ಲಂಡನ್ನಿಗೆ ಹಾರಿ ಬಂದ 17ರ ಹುಡುಗನೊಬ್ಬ, ವೇದಿಕೆಯ ಹಿಂದೆ ಹೋಗಿ ಪರಿಚಯ ಮಾಡಿಕೊಂಡು, ಇವರ ಮನೆಗಳಲ್ಲೇ ಕೆಲವು ವಾರ ಬೀಡುಬಿಟ್ಟ. ಡೆನ್ಮಾರ್ಕಿನಲ್ಲಿ ಹುಟ್ಟಿದ ಆ ಲಾರ್ಸ್ ಉಲ್ರಿಕ್ ಹಿಂದಿರುಗಿದ ಮೇಲೆ ಕಟ್ಟಿದ್ದೇ ಮೆಟಾಲಿಕಾ. ಚಾಪೆ ಹಾಸಿಕೊಟ್ಟವರು ಚಾಪೆಯಲ್ಲೇ ಉಳಿದರು, ಮಲಗೆದ್ದವನು ಮಹಲು ಕಟ್ಟಿದ!"

"ಬಾಡಿಗೆ ಬಂತಲ್ಲ," ಎಂದರು ರಾಯರು. "'ಆಮ್ ಐ ಈವಿಲ್?' ಹಾಡನ್ನು ಮೆಟಾಲಿಕಾ 1984ರಲ್ಲೇ ತನ್ನದೊಂದು ಬಿಡಿಹಾಡಿನ ತಟ್ಟೆಯಾದ ಸಿಂಗಲ್‌ನ ಹಿಂಬದಿಗೆ ಹಾಕಿಕೊಂಡಿತು. ಬರೆದವರು ಹ್ಯಾರಿಸ್ ಮತ್ತು ಟ್ಯಾಟ್ಲರ್ ಆದ್ದರಿಂದ ರಾಯಧನ ಅವರಿಗೇ. ನಾವು ಬರೆದ ಅರ್ಜಿಗಳಿಗೆ ಯಾರಾದರೂ ರಾಯಧನ ಕೊಟ್ಟಿದ್ದಾರೆಯೇ?"

ಕೈಗೆ ಬಂದ ಎರಡನೆಯ ತುತ್ತನ್ನು ನಾನು ಪ್ರಸ್ತಾಪಿಸಿದೆ. ಮತ್ತೆ ಒಂದಾದ ತಂಡಕ್ಕೆ 1993ರ ಜೂನ್‌ನಲ್ಲಿ ಮಿಲ್ಟನ್ ಕೀನ್ಸ್ ಬೌಲ್ ಎಂಬ ಬೃಹತ್ ಬಯಲಿನಲ್ಲಿ ಮೆಟಾಲಿಕಾಕ್ಕಿಂತ ಮೊದಲು ನುಡಿಸುವ ಅವಕಾಶ ದೊರೆಯಿತು. ಪುನರ್ಜನ್ಮದ ಆ ಶುಭಮುಹೂರ್ತದಲ್ಲಿ ಹ್ಯಾರಿಸ್ ವೇದಿಕೆಗೆ ಬಂದದ್ದು ಕುಡುಗೋಲು ಹಿಡಿದ ಮೃತ್ಯುದೇವತೆಯ ವೇಷದಲ್ಲಿ.

"ಅಂದರೆ ಯಮನ ವೇಷ! ಕೋಣವೂ ಇತ್ತೇ?" ಎಂದು ರಾಯರು ಕೇಳಿದ್ದಕ್ಕೆ ಮೇಷ್ಟ್ರು ಉತ್ತರಿಸಲಿಲ್ಲ. ಅವರು ಭಕ್ತರು, 2014ರಲ್ಲಿ ಹೊಸ ಗಾಯಕ ಸೇರಿದ ಮೇಲೆ ತಂಡ ಚೇತರಿಸಿಕೊಂಡಿದೆಯೆಂದು ವಾದಿಸುತ್ತ, ಆತನೂ ಡೆನ್ಮಾರ್ಕಿನವನೆಂಬುದನ್ನು ಅಭಿಮಾನದಿಂದ ಸೇರಿಸಿದರು.

ರಾಯರು ಕಾಫಿಯ ಬಿಲ್ಲನ್ನು ಮೇಷ್ಟ್ರ ಕಡೆಗೆ ಸರಿಸುತ್ತ ಕೇಳಿದರು: "ಈ ಸಲ ಚಾಪೆ ಹಾಸುವ ಮೊದಲು ಏನನ್ನಾದರೂ ಕಾಗದದ ಮೇಲೆ ಬರೆಸಿಕೊಂಡಿದ್ದಾರೆಯೇ?"